ಡೈರಿ ಬರೆದವನೇ ಹೀರೋನಾ?

ಕೆನಡಾದ ಹಡ್ಸನ್ಸ್ ಬೇ ಕಂಪನಿಯ ಕೊನೆಯ ಅಂಗಡಿಗಳು 2025ರ ಜೂನ್ 1ರಂದು ಬಾಗಿಲು ಹಾಕಿದವು. ಆಮೇಲೆ ನಮ್ಮ ಐಟಿ ಮಂದಿಗೆ ಹೊಸದೊಂದು ಹುಚ್ಚು ಹತ್ತಿದೆ. 1670ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಥರಾನೇ ಇಂಗ್ಲೆಂಡಿನ ರಾಜಮನೆತನದ ಸನ್ನದು ಹಿಡಿದು ಹುಟ್ಟಿದ ಈ ತುಪ್ಪಳದ ಕಂಪನಿ ಅವರ ಪಾಲಿಗೆ ಸ್ಟಾರ್ಟಪ್‌ಗಳ ಅಜ್ಜ. ಅದರ ಕೋಠಿಯ ಯಜಮಾನ ರಿಮೋಟ್ ವರ್ಕಿನ ಆದಿಪುರುಷ. ಸುತ್ತ ಹಿಮ, ಒಳಗೆ ಉರಿಯುವ ಒಲೆ, ಮೇಜಿನ ಮೇಲೆ ಬಾತುಗರಿಯ ಪೆನ್ನು, ಮೀಟಿಂಗ್ ಇಲ್ಲ, ಬಾಸ್ ಇಲ್ಲ. ವರ್ಷಕ್ಕೊಂದೇ ಹಡಗು, ಅಂದ್ರೆ ವರ್ಷಕ್ಕೊಂದೇ ಇಮೇಲ್! ಇಂಥ ಜಾಗ ಸಿಕ್ಕಿದ್ರೆ ಕೋಡ್ ಬರೆದುಕೊಂಡು ಹಾಯಾಗಿರ್ತಿದ್ದೆ ಅಂತ ನಿಟ್ಟುಸಿರು ಬಿಡೋರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತಿದ್ದೇನೆ.

ಮೊದಲು ಆ ಹಾಯಾದ ಕೋಣೆಯ ಕಥೆ ಕೇಳಿ. ಕ್ರಿಸ್ಟೋಫರ್ ಮಿಡಲ್ಟನ್ ಎಂಬ ಹಡಗಿನ ಕಪ್ತಾನ 1741–42ರ ಚಳಿಗಾಲವನ್ನು ಚರ್ಚಿಲ್ ನದಿಯ ಮುಖದಲ್ಲಿ ಕಳೆದು, ಊರಿಗೆ ಹೋಗಿ ರಾಯಲ್ ಸೊಸೈಟಿಗೆ ವರದಿ ಕೊಟ್ಟ. ಎರಡಡಿ ದಪ್ಪದ ಗೋಡೆ, ಚಿಕ್ಕ ಕಿಟಕಿ. ಕಿಟಕಿಗೆ ದಪ್ಪ ಹಲಗೆಯ ಬಾಗಿಲು, ದಿನದ ಹದಿನೆಂಟು ಗಂಟೆ ಅದು ಮುಚ್ಚಿಯೇ ಇರಬೇಕು. ದಿನಕ್ಕೆ ನಾಲ್ಕು ಸಲ ದೊಡ್ಡ ಒಲೆಗಳಿಗೆ ಬೆಂಕಿ. ಸೌದೆ ಕೆಂಡವಾಗುತ್ತಲೇ ಹೊಗೆಗೂಡಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಶಾಖ ಹಿಡಿದಿಡುತ್ತಿದ್ದರು, ಅದರಿಂದ ತಲೆ ಸಿಡಿಯುತ್ತಿತ್ತು. ಬೆಂಕಿ ಆರಿದ ನಾಲ್ಕೈದು ಗಂಟೆಯೊಳಗೆ ಒಳಗೋಡೆ, ಮಲಗುವ ಜಾಗಕ್ಕೆಲ್ಲ ಎರಡು ಮೂರು ಇಂಚು ಮಂಜುಗಡ್ಡೆ. ಬೆಳಿಗ್ಗೆ ಎದ್ದು ಅದನ್ನು ಕೊಡಲಿಯಲ್ಲಿ ಕಡಿದು ತೆಗೆಯಬೇಕು. ಇಪ್ಪತ್ನಾಲ್ಕು ಪೌಂಡಿನ ಫಿರಂಗಿ ಗುಂಡನ್ನು ಕೆಂಪಗೆ ಕಾಯಿಸಿ ಕಿಟಕಿಗೆ ನೇತುಹಾಕುತ್ತಿದ್ದರಂತೆ. ಇಷ್ಟಾದರೂ ಮದ್ಯ ಹೆಪ್ಪುಗಟ್ಟುತ್ತಿತ್ತು.

ಚಳಿ ಬಿಡಿ, ಚಳಿಗೆ ಸೌದೆ ಇದೆ. ಹೊಟ್ಟೆಗೆ? ಕಾಲಿಗೆ?

ಇದೇ ಚರ್ಚಿಲ್ ನದಿಯ ಮುಖದಲ್ಲಿ 1619–20ರ ಚಳಿಗಾಲ ಕಳೆಯಲು ಯೆನ್ಸ್ ಮುಂಕ್ ಎಂಬಾತ ಡೆನ್ಮಾರ್ಕಿನ ರಾಜನ ಪರವಾಗಿ ಎರಡು ಹಡಗು ತಂದಿದ್ದ. ಬಂದವರು ಅರವತ್ತಕ್ಕೂ ಹೆಚ್ಚು ಜನ. ಸೌದೆಗೆ ಕಾಡು ಪಕ್ಕದಲ್ಲೇ ಇತ್ತು, ಹಡಗಿನಲ್ಲಿ ದವಸ ಇತ್ತು, ಅವನು ಡೈರಿಯನ್ನೂ ಬರೆಯುತ್ತಿದ್ದ. ಬೇಸಿಗೆಯ ಹೊತ್ತಿಗೆ ಬದುಕಿದ್ದವರು ಅವನೂ ಸೇರಿ ಮೂವರು. ನಿಮ್ಮ ಕನಸಿನ 'ನಾನು, ಒಲೆ, ಡೈರಿ' ಮಾದರಿಯನ್ನು ನಿಜವಾಗಿ ರನ್ ಮಾಡಿ ನೋಡಿದ್ದರ ಔಟ್‌ಪುಟ್ ಇದು. ಅದೇ ದಡದಲ್ಲಿ ಮುಂದೆ ಕಂಪನಿಯ ಕೋಠಿಗಳು ಶತಮಾನಗಟ್ಟಲೆ ನಡೆದವು. ಯಾರ್ಕ್ ಫ್ಯಾಕ್ಟರಿಯನ್ನು ಮುಚ್ಚಿದ್ದು 1957ರಲ್ಲಿ. ಹಾಗಾದರೆ ನಡುವೆ ಬದಲಾದದ್ದೇನು? ಯಜಮಾನನ ಎದೆಗಾರಿಕೆ ಜಾಸ್ತಿ ಆಯ್ತಾ?

ಬದಲಾದದ್ದು ಪಕ್ಕದಲ್ಲಿದ್ದ ಜನ. ಕೋಠಿಯ ಆಸುಪಾಸಿನಲ್ಲೇ ಉಳಿಯುತ್ತಿದ್ದ ಕ್ರೀ ಬೇಟೆಗಾರರು ವಸಂತದಲ್ಲೂ ಶರತ್ಕಾಲದಲ್ಲೂ ಹೆಬ್ಬಾತು ಹೊಡೆದು ತಂದರೆ ಅದೇ ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ಮಾಂಸ. ಮೊಲಕ್ಕೆ ಉರುಲು, ಚರ್ಮ ಹದ ಮಾಡೋದು, ಮೊಕಾಸಿನ್ ಹೊಲಿಯೋದು, ಇವೆಲ್ಲ ಹೆಂಗಸರ ಕೆಲಸ. ಸ್ನೋಶೂಗೆ ಹಸಿ ಚರ್ಮದ ದಾರದ ಬಲೆ ಹೆಣೆಯುತ್ತಿದ್ದವರೂ ಅವರೇ. ಆ ಬಲೆ ಇಲ್ಲದಿದ್ದರೆ ಓರ್ಕ್ನಿ ದ್ವೀಪಗಳಿಂದ ಬಂದ ಕೂಲಿಯಾಳು ಸೌದೆ ಕಡಿಯಲು ಕಾಡಿಗೆ ಹೋಗೋದಿರಲಿ, ಅಂಗಳ ದಾಟುವುದೇ ಕಷ್ಟ.

ಆದರೆ ಕಂಪನಿಯ ಜರ್ನಲ್ಲಿನಲ್ಲಿ ಇವರನ್ನು ಹುಡುಕಿ ನೋಡಿ. ದೇಶೀ ಹೆಂಗಸರನ್ನು ಕೋಟೆಯೊಳಗೆ ಇಟ್ಟುಕೊಳ್ಳಬಾರದು ಅಂತ ಲಂಡನ್ನಿನ ಸಮಿತಿ ಆದೇಶ ಕಳಿಸಿತ್ತು. ಯಜಮಾನರು ಇಟ್ಟುಕೊಂಡರು, ಸಂಸಾರ ಮಾಡಿದರು, ಮಕ್ಕಳಾದವು. ಜರ್ನಲ್ಲಿನ ಪ್ರತಿ ಲಂಡನ್ನಿಗೆ ಹೋಗುತ್ತದಲ್ಲ, ಬರೆಯೋದು ಹೇಗೆ? 1802ರಲ್ಲಿ ಯಾರ್ಕ್ ಫ್ಯಾಕ್ಟರಿಯ ಅಧಿಕಾರಿಗಳೇ ಬಾಯಿಬಿಟ್ಟು, ಈ ಹೆಂಗಸರು ಹೆಚ್ಚುಕಮ್ಮಿ ನಿಮ್ಮ ನೌಕರರೇ, ಇವರಿಲ್ಲದೆ ಸ್ನೋಶೂ ಇಲ್ಲ ಅಂತ ಲಂಡನ್ನಿಗೆ ವಾದಿಸಿ ಪತ್ರ ಬರೆದರು. ಕಂಪನಿ ಶುರುವಾಗಿ ಆಗಲೇ 132 ವರ್ಷ! (ನಮ್ಮೂರಿನ ಪಹಣಿಗಳಲ್ಲೂ ಕಳೆ ಕಿತ್ತವರ ಹೆಸರು ಇರುವುದಿಲ್ಲ ಅನ್ನಿ.)

ಥಾನಡೆಲ್ಥರ್ ಎಂಬ ಡೆನೆ ಹುಡುಗಿಯನ್ನೇ ತಗೊಳ್ಳಿ. ಕ್ರೀಗಳ ಸೆರೆಯಿಂದ ತಪ್ಪಿಸಿಕೊಂಡು 1714ರ ನವೆಂಬರಿನಲ್ಲಿ ಯಾರ್ಕ್ ಫ್ಯಾಕ್ಟರಿ ಸೇರಿದಳು. ಅಲ್ಲಿನ ಯಜಮಾನ ಜೇಮ್ಸ್ ನೈಟ್‌ಗೆ ಉತ್ತರದ ಡೆನೆಗಳ ಜೊತೆ ವ್ಯಾಪಾರ ಬೇಕು, ಅದಕ್ಕೆ ಮೊದಲು ಅವರಿಗೂ ಕ್ರೀಗಳಿಗೂ ರಾಜಿಯಾಗಬೇಕು. 1715ರ ಜೂನಿನಲ್ಲಿ ನೂರೈವತ್ತರಷ್ಟು ಕ್ರೀಗಳು, ಕಂಪನಿಯ ಒಬ್ಬ ಆಳು, ಜೊತೆಗೆ ಇವಳು ಹೊರಟರು. ದಾರಿಯಲ್ಲಿ ಹಸಿವು, ಕಾಯಿಲೆ, ತಂಡ ಚೆಲ್ಲಾಪಿಲ್ಲಿ. ಕೊನೆಗೆ ಇವಳೊಬ್ಬಳೇ ಹಿಮದಲ್ಲಿ ಹೋಗಿ ತನ್ನ ಜನರನ್ನು ಹುಡುಕಿ, ಗಂಟಲು ಕಟ್ಟುವ ತನಕ ಮಾತಾಡಿ ಒಪ್ಪಿಸಿ, ಹತ್ತು ದಿನದೊಳಗೆ ಕರೆತಂದಳು. 1717ರ ಫೆಬ್ರವರಿ 5ರಂದು ಕೋಠಿಯಲ್ಲೇ ಕಾಯಿಲೆಯಿಂದ ತೀರಿಕೊಂಡಳು. ನೈಟ್ ನಿಜವಾಗಿಯೂ ದುಃಖಪಟ್ಟು ಬರೆದಿದ್ದಾನೆ. ಬರೆದದ್ದು ಯಾರ ಬಗ್ಗೆ? 'ಗುಲಾಮ ಹೆಂಗಸಿನ' ಬಗ್ಗೆ. ಅವಳ ಹೆಸರು ಉಳಿದದ್ದು ಡೆನೆಗಳ ಬಾಯಿಮಾತಿನಲ್ಲಿ.

ಅವರೇನು ಪುಕ್ಕಟೆ ದುಡಿದ್ರಾ, ಕೊಡಲಿ, ಪಾತ್ರೆ, ಬಂದೂಕು ಸಿಗ್ತಿತ್ತಲ್ಲ ಅಂತ ಕೇಳುವವರಿದ್ದಾರೆ. ಸಿಗ್ತಿತ್ತು. ಕ್ರೀಗಳು ಪಕ್ಕಾ ವ್ಯಾಪಾರಸ್ಥರು, ಸರಕು ಕೆಟ್ಟದಿದ್ದರೆ ಮುಖಕ್ಕೆ ಹೇಳುತ್ತಿದ್ದರು. ಅವರನ್ನು ಪಾಪದವರು ಅಂತ ಕನಿಕರಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಬೀವರ್ ಚರ್ಮವನ್ನೇ ನಾಣ್ಯವಾಗಿ ಎಣಿಸಿದ ಆ ದರಪಟ್ಟಿಯಲ್ಲೂ ಕೈಚಳಕ ಇತ್ತು. ಲಂಡನ್ ನಿಗದಿಪಡಿಸಿದ್ದಕ್ಕಿಂತ ಮದ್ದಿನ ಪುಡಿ ಕಮ್ಮಿ ಅಳೆದು, ಬ್ರಾಂಡಿಗೆ ನೀರು ಬೆರೆಸಿ ಗಿಟ್ಟಿಸಿದ್ದಕ್ಕೆ 'ಓವರ್‌ಪ್ಲಸ್' ಅಂತ ಲೆಕ್ಕದಲ್ಲೇ ಹೆಸರಿತ್ತು. ತೂಕದಲ್ಲಿ ಹೊಡೆದದ್ದಕ್ಕೂ ಒಂದು ಕಾಲಂ ಇದೆ ಸ್ವಾಮಿ, ಸ್ನೋಶೂ ಹೆಣೆದವಳಿಗೆ ಹೆಸರಿಲ್ಲ. ಸರ್ವರ್ ತನ್ನ ಬಗ್ಗೆ ತಾನೇ ಬರೆದ ಲಾಗ್ ಒಂದನ್ನೇ ಓದಿ ರೂಟ್ ಕಾಸ್ ಸಿಕ್ತು ಅಂದರೆ ನಿಮ್ಮ ಟೀಮ್ ಲೀಡ್ ಒಪ್ಪುತ್ತಾರಾ? ಹಾಗಿದ್ದ ಮೇಲೆ ಕೋಠಿಯ ಯಜಮಾನನ ಲಾಗನ್ನು ಮಾತ್ರ ಕಣ್ಣಿಗೊತ್ತಿಕೊಳ್ಳೋದು ಯಾಕೆ?

ಕೋಠಿಯಿಂದ ಯಜಮಾನ ಹೋದರೆ ಏನಾಗುತ್ತದೆ ಅನ್ನೋದಕ್ಕೂ ದಾಖಲೆ ಇದೆ. ಚರ್ಚಿಲ್‌ನ ಪ್ರಿನ್ಸ್ ಆಫ್ ವೇಲ್ಸ್ ಕೋಟೆ, ನಲವತ್ತು ವರ್ಷ ಹಿಡಿದು ಕಟ್ಟಿದ ಕಲ್ಲುಕೋಟೆ. 1782ರ ಆಗಸ್ಟಿನಲ್ಲಿ ಫ್ರೆಂಚರ ಮೂರು ಯುದ್ಧನೌಕೆ ಬಂದವು. ಯಜಮಾನ ಸ್ಯಾಮ್ಯುಯೆಲ್ ಹರ್ನ್ ಒಂದು ಗುಂಡೂ ಹಾರಿಸದೆ ಶರಣಾಗಿ, ತನ್ನ ಆಳುಗಳ ಜೊತೆ ಸೆರೆಯಾಗಿ ಹೊರಟುಹೋದ. ಹಿಂದೆ ಅವನನ್ನು ಉತ್ತರದ ಸಮುದ್ರದ ತನಕ ನಡೆಸಿಕೊಂಡು ಹೋಗಿದ್ದವನು ಡೆನೆ ಮುಖಂಡ ಮತೊನಾಬಿ. ಮೊದಲೆರಡು ಯಾತ್ರೆ ಸೋತದ್ದೇ ಜೊತೆಗೆ ಹೆಂಗಸರಿಲ್ಲದ್ದಕ್ಕೆ ಅಂತ ಹರ್ನ್‌ಗೆ ಹೇಳಿಕೊಟ್ಟವನೂ ಅವನೇ. ಒಬ್ಬೊಬ್ಬಳು ಇಬ್ಬರು ಗಂಡಸರ ಹೊರೆ ಹೊರುತ್ತಾಳೆ, ಖರ್ಚೂ ಕಮ್ಮಿ ಅಂತ. ಅದು ಮೆಚ್ಚುಗೆಯೇನಲ್ಲ, ಬರೀ ಲೆಕ್ಕ. ಕೋಟೆ ಬಿದ್ದ ಸುದ್ದಿ ಕೇಳಿ ಮತೊನಾಬಿ ನೇಣು ಹಾಕಿಕೊಂಡ. ಅದೇ ಚಳಿಗಾಲದಲ್ಲಿ ಅವನ ಆರು ಹೆಂಡಿರು, ನಾಲ್ಕು ಮಕ್ಕಳು ಹಸಿವಿನಿಂದ ಸತ್ತರು. ಹಿಂದಿನ ಯಜಮಾನ ಮೋಸೆಸ್ ನಾರ್ಟನ್‌ನ ಮಗಳು ಮೇರಿ, ಕೋಟೆಯೊಳಗೇ ಮುದ್ದಿನಿಂದ ಬೆಳೆದವಳು, ಹೊರಗಿನ ಬದುಕು ಗೊತ್ತಿಲ್ಲದೆ ಅವಳೂ ಹಸಿವಿನಿಂದಲೇ ಸತ್ತಳು.

ಹರ್ನ್ ಮರುವರ್ಷ ಹಡಗಿನಲ್ಲಿ ವಾಪಸ್ ಬಂದು ಅದೇ ನದಿಯ ದಡದಲ್ಲಿ ಹೊಸ ಕೋಠಿ ಎಬ್ಬಿಸಿದ. ಈ ಸಾವುಗಳ ವಿಷಯ ನಮಗೆ ಗೊತ್ತಾಗಿರುವುದೂ ಅವನು ಬರೆದ ಪುಸ್ತಕದಿಂದಲೇ.