ಟಾನಿಕ್ ಬೇಡ, ಜೊತೆಗೆ ಕರೆದುಕೊಂಡು ಹೋಗೋಣ

ರಜೆಗೆ ಊರಿಗೆ ಹೊರಡುವ ಮುಂಚೆ ನಮ್ಮ ಆಸ್ಪತ್ರೆಯ ಔಷಧಿ ಕೌಂಟರಿಗೆ ಬಂದು ಮೆಲ್ಲಗೆ ಕೇಳುವವರಿದ್ದಾರೆ: "ಮಗನಿಗೆ ಬುದ್ಧಿ ಸ್ವಲ್ಪ ಕಡಿಮೆ ಸಾರ್, ಒಳ್ಳೆಯ ಟಾನಿಕ್ ಇದ್ದರೆ ಕೊಡಿ."

ಔಷಧಿ ಕೊಡುವ ನಾವೇ ಹೇಳುತ್ತೇವೆ: ಫಿಟ್ಸ್ ಬರುತ್ತಿದ್ದರೆ ಅದಕ್ಕೆ ಮಾತ್ರೆ ಇದೆ, ಬುದ್ಧಿ ಬೆಳೆಸುವ ಟಾನಿಕ್ ಇಲ್ಲ. ಬೌದ್ಧಿಕ ಅಂಗವೈಕಲ್ಯವೂ ಮಾನಸಿಕ ಕಾಯಿಲೆಯೂ ಒಂದೇ ಅಲ್ಲ. ಇಲ್ಲಿ ಕಲಿಕೆ ನಿಧಾನ, ಅಷ್ಟೇ. ಸ್ನಾನ, ಬಟ್ಟೆ, ಅಂಗಡಿಯಿಂದ ಹಾಲು ತರುವುದು, ಇವನ್ನೆಲ್ಲ ಚಿಕ್ಕ ಚಿಕ್ಕ ಹಂತ ಮಾಡಿ ದಿನಾ ಹೇಳಿಕೊಟ್ಟರೆ ಎಷ್ಟೋ ಮಕ್ಕಳು ಕಲಿಯುತ್ತಾರೆ.

ನಾವು ದುಡಿಯುವ ಯುಎಇಯಲ್ಲಿ 2017ರಿಂದ ಸರ್ಕಾರವೇ ಅಂಗವಿಕಲರನ್ನು 'ದೃಢಸಂಕಲ್ಪದ ಜನ' ಎಂದು ಕರೆಯುತ್ತಿದೆ. ಇಲ್ಲಿ ಪಾರ್ಕಿಂಗಿನಲ್ಲಿ ಅವರ ಜಾಗವನ್ನು ಮರ್ಯಾದೆಯಿಂದ ಬಿಡುವ ನಾವು, ಊರಿನ ಮದುವೆಗೆ ಹೋಗುವಾಗ ನಮ್ಮದೇ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತೇವೆ. ಇದು ಸರಿಯೇ?

ಈ ರಜೆಯಲ್ಲಿ ಮಗುವನ್ನು ಮದುವೆಗೂ ಜಾತ್ರೆಗೂ ಕರೆದೊಯ್ಯೋಣ. ತಪಾಸಣೆ ಮಾಡಿಸಿ ಯುಡಿಐಡಿ ಕಾರ್ಡ್ ಪಡೆಯೋಣ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಗೆ ಹೆಸರು ಬರೆಸೋಣ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವಿದೆ. ಮಗುವಿಗೆ 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನಿನ ಪೋಷಕರಲ್ಲ. ಅಗತ್ಯವಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಸಮಿತಿಗೆ ಅರ್ಜಿ ಕೊಡಬೇಕು. ದೂರದಲ್ಲಿರುವವರು ನಾವು, ನಮ್ಮ ನಂತರ ನೋಡಿಕೊಳ್ಳುವವರು ಯಾರೆಂಬುದು ಇಂದೇ ಕಾಗದದಲ್ಲಿರಲಿ.

ಮುಂದಿನ ರಾಜ್ಯೋತ್ಸವಕ್ಕೆ ನಮ್ಮ ಸಂಘದ ಸಭಾಂಗಣದಲ್ಲಿ, ಮೊದಲ ಸಾಲಿನಲ್ಲೇ, ಈ ಮಕ್ಕಳಿಗೂ ಕುರ್ಚಿ ಇರಲಿ.