ಚಿತ್ರ ಕೂಡುವುದು ಎಲ್ಲಿ?

“ಕಲಾ ವಿದ್ಯಾರ್ಥಿಗಳಾದ ನಮಗೆ ವಿಜ್ಞಾನವೇತಕ್ಕೆ?” ಎನ್ನುವ ಮಿತ್ರರಿಗೆ ನಮ್ಮ ಮನೆಯ ಅಟ್ಟ ಸೇರಿರುವ ಕಪ್ಪು-ಬಿಳುಪು ಟೆಲಿವಿಷನ್ನೇ ನನ್ನ ಉತ್ತರ.

1897ರಲ್ಲಿ ಜರ್ಮನಿಯ ಬ್ರೌನ್ ನಿರ್ಮಿಸಿದ ಕ್ಯಾಥೋಡ್ ಕಿರಣ ನಳಿಗೆಯ ವಂಶಕ್ಕೆ ಸೇರಿದ ಗಾಜಿನ ಬುರುಡೆಯೊಂದು ಅದರ ಒಡಲಲ್ಲಿದೆ. ಗಾಳಿ ತೆಗೆದ ಆ ಬುರುಡೆಯೊಳಗೆ, ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಅಧಿಕ ವೋಲ್ಟೇಜಿನ ಸೆಳೆತಕ್ಕೆ ಸಿಕ್ಕಿ ಧಾವಿಸಿ, ತೆರೆಯ ಒಳಮೈಯ ಲೇಪಕ್ಕೆ ಬಡಿದು ಬೆಳಕಿನ ಚುಕ್ಕೆಯಾಗುತ್ತವೆ. ಬುರುಡೆಯ ಕತ್ತನ್ನು ಬಳಸಿದ ತಂತಿಸುರುಳಿಗಳ ಕಾಂತಶಕ್ತಿ ಆ ಚುಕ್ಕೆಯನ್ನು ಗೆರೆಗೆರೆಯಾಗಿ ಓಡಿಸುತ್ತದೆ. ನಮ್ಮ ದೇಶದ ಅಂದಿನ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ ಇರುತ್ತಿದ್ದವು.

ಕಿರಣ ಕ್ಷಣಕ್ಕೆ ಬರೆಯುವುದು ಒಂದೇ ಚುಕ್ಕೆ! ಅವನ್ನೆಲ್ಲ ಕೂಡಿಸಿ ಮುಖವೆಂದು, ನಗುವೆಂದು ಕಾಣುವುದು ನಮ್ಮ ಕಣ್ಣು, ನಮ್ಮ ಮನಸ್ಸು. ಅರ್ಧ ಕೆಲಸ ಯಂತ್ರದ್ದು, ಅರ್ಧ ಮನುಷ್ಯನದು. ಮನುಷ್ಯನನ್ನು ಅಭ್ಯಸಿಸುವ ನಾವು ಯಂತ್ರದ ಅರ್ಧವನ್ನು ಅರಿಯದಿದ್ದರೆ, ನಮ್ಮ ಅರ್ಧವನ್ನಾದರೂ ಅರಿತೇವೆಯೇ?