ಒಂದೇ ಸರ್ವರ್, ಹಲವು ಲಿನಕ್ಸ್: ಹೊಂದಾಣಿಕೆ ತಪ್ಪುತ್ತಿರುವುದೆಲ್ಲಿ?

ಒಂದೇ ಸರ್ವರ್‌ನಲ್ಲಿ ಹಲವು ಲಿನಕ್ಸ್ ವಿತರಣೆಗಳನ್ನು ಏಕಕಾಲಕ್ಕೆ ನಡೆಸಲು ನೆರವಾಗುವ ವರ್ಚುವಲೈಸೇಷನ್ ತಂತ್ರಜ್ಞಾನ ಹೊಸದೇನಲ್ಲ. ಪ್ರತಿ ವರ್ಚುವಲ್ ಯಂತ್ರಕ್ಕೂ ತನ್ನದೇ ಕರ್ನೆಲ್ ಇರುವುದರಿಂದ ಒಂದರ ಗೊಡವೆ ಇನ್ನೊಂದಕ್ಕಿಲ್ಲ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಇತ್ತೀಚಿನ ಬೆಳವಣಿಗೆಗಳು ಈ ನಂಬಿಕೆಯ ಮಿತಿಯನ್ನು ತೋರಿಸಿಕೊಟ್ಟಿವೆ.

ಉಚಿತವಾಗಿ ದೊರೆಯುತ್ತಿದ್ದ ಸೆಂಟ್‌ಒಎಸ್ 8ರ ಬೆಂಬಲವನ್ನು 2021ರ ಅಂತ್ಯಕ್ಕೇ ನಿಲ್ಲಿಸುವುದಾಗಿ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು. ಸೆಂಟ್‌ಒಎಸ್ 7ರ ಅವಧಿಯೂ 2024ರ ಜೂನ್ 30ಕ್ಕೆ ಮುಗಿಯಿತು. ಅದನ್ನೇ ನೆಚ್ಚಿಕೊಂಡಿದ್ದವರಿಗೆ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಮುಂತಾದವುಗಳತ್ತ ಹೊರಳುವುದು ಅನಿವಾರ್ಯವಾಯಿತು. ತೊಡಕು ಎದುರಾದದ್ದು ಇಲ್ಲಿಯೇ.

ಪ್ರೊಸೆಸರ್‌ನ ತಕರಾರು

ಇಂಟೆಲ್, ಎಎಂಡಿ, ರೆಡ್ ಹ್ಯಾಟ್ ಹಾಗೂ ಸೂಸೆ ಸಂಸ್ಥೆಗಳು 2020ರಲ್ಲಿ 64 ಬಿಟ್ ಪ್ರೊಸೆಸರ್‌ಗಳನ್ನು ಅವುಗಳ ಸಾಮರ್ಥ್ಯಕ್ಕೆ ಅನುಗುಣವಾಗಿ ಹಂತಗಳಾಗಿ ವಿಂಗಡಿಸಿದವು. 2022ರಲ್ಲಿ ಬಂದ ರೆಡ್ ಹ್ಯಾಟ್ 9, ಈ ಪೈಕಿ ‘ವಿ2’ ಹಂತವನ್ನು ಕಡ್ಡಾಯಗೊಳಿಸಿತು. ಆದರೆ ಡೆಬಿಯನ್ ಆಧಾರಿತ ಪ್ರಾಕ್ಸ್‌ಮಾಕ್ಸ್ ವ್ಯವಸ್ಥೆಯು ತನ್ನ ಅತಿಥಿ ಯಂತ್ರಗಳಿಗೆ ‘ಕೆವಿಎಂ64’ ಎಂಬ ಹಳೆಯ ಮಾದರಿಯ ಪ್ರೊಸೆಸರನ್ನೇ ತೋರಿಸುತ್ತಿತ್ತು. ಸರ್ವರ್‌ನಲ್ಲಿರುವ ಪ್ರೊಸೆಸರ್ ಸಮರ್ಥವಾಗಿದ್ದರೂ ಅತಿಥಿ ಯಂತ್ರಕ್ಕೆ ಅದು ಕಾಣದು. ಪರಿಣಾಮವಾಗಿ ಹೊಸ ಲಿನಕ್ಸ್ ಆರಂಭದ ಹಂತದಲ್ಲೇ ಸ್ಥಗಿತಗೊಳ್ಳುತ್ತದೆ. ಹೊಸದಾಗಿ ರೂಪಿಸುವ ಯಂತ್ರಗಳ ಮಟ್ಟಿಗೆ ಈ ದೋಷವನ್ನು 2023ರ ಪ್ರಾಕ್ಸ್‌ಮಾಕ್ಸ್ 8ರಲ್ಲಿ ಸರಿಪಡಿಸಲಾಯಿತು. ಹಿಂದೆ ರೂಪಿಸಿದ ಯಂತ್ರಗಳಲ್ಲಿ ಹಳೆಯ ಆಯ್ಕೆಯೇ ಉಳಿದಿರುತ್ತದೆ.

ಸರ್ವರ್‌ನ ಪ್ರೊಸೆಸರನ್ನು ಯಥಾವತ್ತಾಗಿ ಅತಿಥಿ ಯಂತ್ರಕ್ಕೆ ಒದಗಿಸುವುದು ಸುಲಭ ಪರಿಹಾರವೇನೋ ಹೌದು. ಆದರೆ ಹಾಗೆ ಮಾಡಿದರೆ, ಚಾಲನೆಯಲ್ಲಿರುವ ಯಂತ್ರವನ್ನು ಬೇರೆ ತಲೆಮಾರಿನ ಸರ್ವರ್‌ಗೆ ಸ್ಥಳಾಂತರಿಸುವುದು ಕಷ್ಟವಾಗುತ್ತದೆ. ಹಳೆಯ, ಹೊಸ ಸರ್ವರ್‌ಗಳನ್ನು ಬೆರೆಸಿ ಬಳಸುವ ಸಂಸ್ಥೆಗಳು ಎಲ್ಲಕ್ಕೂ ಸಮಾನವಾದ ಕನಿಷ್ಠ ಹಂತಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಕಂಟೇನರ್‌ಗಳ ಪಾಡು

ಸ್ವಂತ ಕರ್ನೆಲ್ ಇಲ್ಲದ ಕಂಟೇನರ್‌ಗಳಲ್ಲಿ ಸಮಸ್ಯೆ ಮತ್ತೊಂದು ಬಗೆಯದು. ಸೆಂಟ್‌ಒಎಸ್ 7ರಲ್ಲಿರುವ ಸಿಸ್ಟಮ್‌ಡಿ, ಸಂಪನ್ಮೂಲ ಹಂಚಿಕೆಗೆ ‘ಸಿಗ್ರೂಪ್’ನ ಮೊದಲ ಆವೃತ್ತಿಯನ್ನೇ ಅವಲಂಬಿಸಿದೆ. 2025ರ ಪ್ರಾಕ್ಸ್‌ಮಾಕ್ಸ್ 9 ಆ ಆವೃತ್ತಿಗೆ ನೀಡುತ್ತಿದ್ದ ಬೆಂಬಲವನ್ನೇ ಕೈಬಿಟ್ಟಿತು. ಹೀಗಾಗಿ ಆತಿಥೇಯ ವ್ಯವಸ್ಥೆಯನ್ನು ನವೀಕರಿಸಿದರೆ ಹಳೆಯ ಕಂಟೇನರ್ ಏಳುವುದಿಲ್ಲ. ನವೀಕರಿಸದಿದ್ದರೆ ಕಾಲಕ್ರಮೇಣ ಭದ್ರತಾ ಪರಿಹಾರಗಳು ದೊರೆಯುವುದಿಲ್ಲ. ಅಂತಹ ಹಳೆಯ ವ್ಯವಸ್ಥೆಯನ್ನು ಪೂರ್ಣ ವರ್ಚುವಲ್ ಯಂತ್ರಕ್ಕೆ ವರ್ಗಾಯಿಸುವುದೊಂದೇ ತತ್ಕಾಲದ ದಾರಿ.

ಮುಂದೇನು?

2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ 10, ಪಟ್ಟನ್ನು ಇನ್ನಷ್ಟು ಬಿಗಿಗೊಳಿಸಿ ‘ವಿ3’ ಹಂತವನ್ನು ಕೇಳುತ್ತಿದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಸಾಮರ್ಥ್ಯ ಬಂದದ್ದೇ 2013ರ ಹ್ಯಾಸ್ವೆಲ್ ತಲೆಮಾರಿನಿಂದ. ಆಲ್ಮಾಲಿನಕ್ಸ್ ಹಳೆಯ ಯಂತ್ರಗಳಿಗೆಂದೇ ಪ್ರತ್ಯೇಕ ‘ವಿ2’ ಆವೃತ್ತಿಯನ್ನು ನೀಡಿದೆಯಾದರೂ, ‘ವಿ3’ಗೆಂದು ಸಿದ್ಧಪಡಿಸಿದ ಇತರರ ತಂತ್ರಾಂಶಗಳು ಅದರ ಮೇಲೆ ನಡೆಯುವ ಭರವಸೆಯಿಲ್ಲ.

ಹೊಸ ಪ್ರೊಸೆಸರ್‌ನ ವೇಗವನ್ನು ಪೂರ್ಣವಾಗಿ ಬಳಸಿಕೊಳ್ಳಬೇಕೆಂಬ ವಿತರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅದರ ವೆಚ್ಚ ಬೀಳುವುದು ಹಳೆಯ ಸರ್ವರನ್ನೇ ದುಡಿಸಿಕೊಳ್ಳುತ್ತಿರುವ ಸಣ್ಣ ಕಚೇರಿ, ಕಾಲೇಜುಗಳ ಮೇಲೆ. ತಂತ್ರಾಂಶ ಉಚಿತವಾಗಿದ್ದರೂ ಅದನ್ನು ನಡೆಸುವ ಯಂತ್ರ ಉಚಿತವಲ್ಲ. ಹೊಸ ವಿತರಣೆಗೆ ಕೈಹಾಕುವ ಮುನ್ನ ಸರ್ವರ್‌ನ ಪ್ರೊಸೆಸರ್ ಯಾವ ಹಂತದ್ದು, ಅತಿಥಿ ಯಂತ್ರಕ್ಕೆ ಕಾಣುತ್ತಿರುವುದೇನು ಎಂಬ ಎರಡನ್ನು ಪರಿಶೀಲಿಸಿಕೊಳ್ಳುವುದು ಲೇಸು.